ಅಕಿಹಬರಾ, ನಕಾನೊ, ಇಲ್ಲಾ ಊರಾಚೆಯ ಗುಜರಿ ಅಂಗಡಿ? ಜಪಾನಿಗೆ ಬರುವ ಗೇಮ್ ಹುಚ್ಚರಿಗೊಂದು ಹೋಲಿಕೆ

ಚಿಕ್ಕಪ್ಪನ ಮಗ ಆಫೀಸ್ ಕೆಲಸದ ಮೇಲೆ ಟೋಕಿಯೊಗೆ ಬರುತ್ತಿದ್ದಾನೆ. ಹತ್ತು ದಿನದಲ್ಲಿ ಅವನ ಪಾಲಿಗೆ ಉಳಿಯುವುದು ಒಂದು ಶನಿವಾರ, ಒಂದು ಭಾನುವಾರ. "ಅಣ್ಣಾ, ಅಕಿಹಬರಾಕ್ಕೆ ಹೋದ್ರೆ ಗೇಮ್‌ದೆಲ್ಲಾ ಅಲ್ಲೇ ಮುಗಿಯುತ್ತೆ ತಾನೇ?" ಅಂತ ಕೇಳಿದ. ಅಕಿಹಬರಾ ಅಂದರೆ ಟೋಕಿಯೊದ ಎಲೆಕ್ಟ್ರಾನಿಕ್ಸ್, ಗೇಮ್ ಪೇಟೆ. ನಾನಿರುವ ಟೋಕಿಯೊದ ನಿಶಿ-ಕಸಾಯ್‌ನಲ್ಲಿ ಭಾರತದವರು ಬಹಳ. ಸ್ಟೇಷನ್ ಸುತ್ತಮುತ್ತ ಕನ್ನಡ ಕಿವಿಗೆ ಬೀಳುವುದೂ ಅಪರೂಪವಲ್ಲ. ಯಾರ ಮನೆಗೆ ಊರಿಂದ ನೆಂಟರು ಬಂದರೂ ಈ ಪ್ರಶ್ನೆ ಸುತ್ತಿ ಬಳಸಿ ನನ್ನ ಹತ್ತಿರ ಬರುತ್ತದೆ, ಮನೆ ತುಂಬ ಹಳೇ ಗೇಮ್ ಪೇರಿಸಿಟ್ಟುಕೊಂಡವನು ಅಂತ. ನಾನು ತಿರುಗಿ ಕೇಳುವುದು ಒಂದೇ: ಕೊಳ್ಳೋಕೆ ಬರ್ತಿದೀಯಾ, ಆಡೋಕಾ, ಸುಮ್ನೆ ನೋಡೋಕಾ? ಮೂರಕ್ಕೂ ಜಾಗ ಬೇರೆ. ಮೂರನ್ನೂ ಅಕಿಹಬರಾದಲ್ಲೇ ಮುಗಿಸಲು ಹೊರಟವರು ಒಂದು ಕೀ ಚೈನು ಮತ್ತು ಕಾಲುನೋವು ಹೊತ್ತು ವಾಪಸ್ ಬಂದಿದ್ದೇ ಹೆಚ್ಚು.

ಕೊಳ್ಳುವವರಿಗೆ: ನಾಲ್ಕು ದಾರಿ

ಜಪಾನಿನಲ್ಲಿ ಹಳೇ ಗೇಮ್ ಅಂಗಡಿಗಳು ಇಷ್ಟೊಂದು ಏಕಿವೆ ಅನ್ನುವುದು ಗೊತ್ತಿದ್ದರೆ ಎಲ್ಲಿ ಹುಡುಕಬೇಕು ಅನ್ನುವುದೂ ಅರ್ಧ ಗೊತ್ತಾದಂತೆ. ಇಲ್ಲಿ ಸಿನಿಮಾ, ಸಿ.ಡಿ. ಬಾಡಿಗೆಗೆ ಸಿಗುತ್ತಿದ್ದವು, ಗೇಮ್ ಸಿಗುತ್ತಿರಲಿಲ್ಲ, ಕಂಪನಿಗಳು ಒಪ್ಪಲಿಲ್ಲ. ಹಾಗಾಗಿ ಮಕ್ಕಳು ಒಂದನ್ನು ಆಡಿ ಮುಗಿಸಿ, ಮಾರಿ, ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಮುಂದಿನದನ್ನು ಕೊಳ್ಳುವುದು ರೂಢಿಯಾಯಿತು. ಅದನ್ನೂ ತಡೆಯಬೇಕೆಂದು ಗೇಮ್ ಕಂಪನಿಗಳು ಕೋರ್ಟು ಹತ್ತಿದವು. 2002ರ ಏಪ್ರಿಲ್‌ನಲ್ಲಿ ಜಪಾನಿನ ಸುಪ್ರೀಂ ಕೋರ್ಟು, ಒಮ್ಮೆ ಮಾರಿದ ಗೇಮನ್ನು ಮರುಮಾರಾಟ ಮಾಡುವುದಕ್ಕೆ ಅಡ್ಡಿಯಿಲ್ಲ ಅಂತ ತೀರ್ಪು ಕೊಟ್ಟಿತು. ಈ ವ್ಯಾಪಾರ ಒಂದು ಬೀದಿಯದ್ದಲ್ಲ, ಇಡೀ ದೇಶದ್ದು. ಒಳ್ಳೆಯ ಮಾಲು ಅಕಿಹಬರಾದಲ್ಲಿ ಮಾತ್ರ ಕೂತಿರಬೇಕು ಅಂತ ಯಾವ ಕಾರಣವೂ ಇಲ್ಲ.

ಆದರೂ ಅಕಿಹಬರಾದಿಂದಲೇ ಶುರು ಮಾಡೋಣ, ಹೇಗೂ ನೀವು ಹೋಗದೆ ಬಿಡುವವರಲ್ಲ. ಯುದ್ಧ ಮುಗಿದ ಮೇಲೆ ರೇಡಿಯೊ ಬಿಡಿಭಾಗ ಮಾರುವವರು ಸೇರಿ ಕಟ್ಟಿದ ಸಂತೆ ಅದು. ಆಮೇಲೆ ಫ್ರಿಜ್ಜು, ಕಂಪ್ಯೂಟರು, ಅದರ ಬೆನ್ನಿಗೆ ಗೇಮ್ ಬಂದವು. ಸೂಪರ್ ಪೊಟೇಟೊ ಅಂಗಡಿಯ ಮೆಟ್ಟಿಲು ಹತ್ತಿದರೆ ಮೂರನೇ ಮಹಡಿಯಿಂದ ಐದರವರೆಗೆ ಹಳೇ ಗೇಮ್‌ಗಳ ಲೋಕ. ಐದರಲ್ಲಿ ಹಳೇ ಕಾಲದ ಆಡುವ ಮೆಷಿನ್ನುಗಳು. ಜಾಗ ಚೆಂದ. ಬೆಲೆ ಮಾತ್ರ ಪ್ರವಾಸಿಗಳನ್ನು ನೋಡಿ ಕಟ್ಟಿದ್ದು ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಯೆನ್ ಬಿದ್ದ ಮೇಲೆ ಹೊರದೇಶದವರು ಸೂಟ್‌ಕೇಸ್ ಹಿಡಿದೇ ಬರುತ್ತಾರೆ, ಅಂಗಡಿಯವರೂ ಕಣ್ಣು ಮುಚ್ಚಿ ಕೂತಿಲ್ಲವಲ್ಲ. ಅಕಿಹಬರಾದಲ್ಲಿ ಕೊಳ್ಳಲೇಬೇಕಾದ್ದು ಬೇರೆಲ್ಲೂ ಸಿಗದ ಸಾಮಾನನ್ನು: ಪಿಸಿ-98, ಎಕ್ಸ್68000 ತರಹದ ಜಪಾನಿನಲ್ಲೇ ಹುಟ್ಟಿ ಅಲ್ಲೇ ಉಳಿದ ಕಂಪ್ಯೂಟರುಗಳ ಗೇಮ್ ಬೇಕಿದ್ದರೆ ಬೀಪ್ ಅನ್ನುವ ನೆಲಮಾಳಿಗೆಯ ಅಂಗಡಿ, ಒಂದೇ ಸೂರಿನಡಿ ಎಲ್ಲ ತರಹದ ಸಂಗ್ರಹ ನೋಡಬೇಕಿದ್ದರೆ ಎಂಟು ಮಹಡಿಯ ಮಂದರಾಕೆ ಅಂಗಡಿ.

ಅದೇ ಮಂದರಾಕೆಯ ತವರುಮನೆ ನಕಾನೊ. ಶಿಂಜುಕುವಿನಿಂದ ಚೂಒ ಲೈನಿನಲ್ಲಿ ಐದು ನಿಮಿಷ. 1966ರಲ್ಲಿ ಕಟ್ಟಿದ ನಕಾನೊ ಬ್ರಾಡ್‌ವೇ ಅನ್ನುವ ಕಟ್ಟಡದಲ್ಲಿ 1980ರಲ್ಲಿ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್ ಮಾರುವ ಒಂದು ಪುಟ್ಟ ಹಳೇ ಪುಸ್ತಕದ ಅಂಗಡಿಯಾಗಿ ಅದು ಶುರುವಾಯಿತು. ಈಗ ಕಟ್ಟಡದ ತುಂಬ ಅದರದ್ದೇ ಚಿಕ್ಕ ಚಿಕ್ಕ ಮಳಿಗೆಗಳು, ಗೇಮಿಗೆ ಒಂದು, ಆಟಿಕೆಗೆ ಒಂದು, ಮಧ್ಯೆ ಗಡಿಯಾರದವರು, ಕೆಳಗೆ ತರಕಾರಿಯವರು. ಅಕಿಹಬರಾ ಮತ್ತು ನಕಾನೊ ನಡುವೆ ಒಂದೇ ಆರಿಸಿಕೋ ಅಂದರೆ ನಾನು ನಕಾನೊಗೆ ಕಳಿಸುತ್ತೇನೆ. ಬೆಲೆ ಬಹಳ ಕಡಿಮೆ ಅಂತಲ್ಲ. ಮಳೆ ಬಂದರೂ ನೆನೆಯುವುದಿಲ್ಲ, ಮೂರು ಗಂಟೆಯಲ್ಲಿ ನೋಡಿ ಮುಗಿಯುತ್ತದೆ, ಜೊತೆಗೆ ಬಂದ ಹೆಂಡತಿಗೋ ಅಪ್ಪನಿಗೋ ಬೇಜಾರಾಗುವುದಿಲ್ಲ.

ಇನ್ನು ಮೂರನೆಯದು, ನನ್ನ ಖಾಸಾ ದಾರಿ: ಹಾರ್ಡ್ ಆಫ್. ನೀಗಾತಾ ಕಡೆಯಿಂದ ಬಂದ ಸರಪಳಿ ಅಂಗಡಿ. ಹಳೇ ಆಂಪ್ಲಿಫೈಯರು, ಗಿಟಾರು, ಪ್ರಿಂಟರು, ಅದರ ಮಧ್ಯೆ ಗೇಮು. ದೊಡ್ಡ ಅಂಗಡಿಗಳು ಇರುವುದು ಊರ ಹೊರಗೆ, ಹೆದ್ದಾರಿ ಪಕ್ಕ. ಅಲ್ಲಿ 'ಜಂಕು' ಅಂತ ಒಂದು ಮೂಲೆ ಇರುತ್ತದೆ. ನೀಲಿ ಬುಟ್ಟಿಗಳಲ್ಲಿ ವೈರು, ಕಂಟ್ರೋಲರು, ಡಬ್ಬಿಯಿಲ್ಲದ ಕ್ಯಾಸೆಟ್ಟು. ಗ್ಯಾರಂಟಿ ಇಲ್ಲ, ವಾಪಸ್ ತೆಗೆದುಕೊಳ್ಳುವುದಿಲ್ಲ, ಅದಕ್ಕೇ 110 ಯೆನ್‌ಗೂ ಗೇಮ್ ಸಿಗುತ್ತದೆ. ಎಷ್ಟೋ ಅಂಗಡಿಗಳಲ್ಲಿ ಪ್ಲಗ್ಗು, ಟಿ.ವಿ. ಇಟ್ಟ ಟೇಬಲ್ ಇರುತ್ತದೆ, ಕೊಳ್ಳುವ ಮುಂಚೆ ನೀವೇ ಹಾಕಿ ನೋಡಬಹುದು. ಕೆಟ್ಟಿದ್ದನ್ನು ಬಿಚ್ಚಿ ಬೆಸುಗೆ ಹಾಕುವ ಅಭ್ಯಾಸ ನಿಮಗಿದ್ದರೆ ಬೇರೆ ಯಾವ ಅಂಗಡಿಯೂ ಬೇಡ. ಇಲ್ಲದಿದ್ದರೆ ಅದರ ಬಳಗದ್ದೇ ಹಾಬಿ ಆಫ್, ಅಥವಾ ಪುಸ್ತಕದ ಜೊತೆ ಗೇಮನ್ನೂ ಮಾರುವ ಬುಕ್ ಆಫ್ ಸಾಕು. ಎರಡನೆಯದು ಸ್ಟೇಷನ್ ಹತ್ತಿರವೇ ಸಿಗುತ್ತದೆ. ಸಮಯ ಹಿಡಿಯುವ ದಾರಿ ಇದು. ಐದು ಅಂಗಡಿ ತಿರುಗಿ ಬರಿಗೈಲಿ ಬಂದ ಭಾನುವಾರಗಳು ನನಗೂ ಇವೆ.

ಒಸಾಕಾಕ್ಕೆ ಹೋಗುವವರು ನಿಪ್ಪೊಂಬಾಶಿಯ ಡೆನ್ ಡೆನ್ ಟೌನ್ ನೋಡಲಿ. ಅಕಿಹಬರಾದ್ದೇ ತಮ್ಮ, ಸ್ವಲ್ಪ ಸಣ್ಣವನು, ಸ್ವಲ್ಪ ಸಲಿಗೆಯವನು. ಬರೀ ಅದಕ್ಕಾಗಿ ಟೋಕಿಯೊದಿಂದ ಹೋಗಬೇಕಿಲ್ಲ.

ಎಲ್ಲಿಗೆ ಹೋದರೂ ಕನ್ನಡದವರಿಗೆ ಒಂದು ಅನುಕೂಲ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಅಂಗಡಿಯಲ್ಲಿ ಗೇಮ್ ಜೋಡಿಸಿರುವುದು ಕಾನಾ, ಅಂದರೆ ಉಚ್ಚಾರಣೆಗೆ ತಕ್ಕಂತೆ ಬರೆಯುವ ಜಪಾನಿ ಅಕ್ಷರಗಳ ಕ್ರಮದಲ್ಲಿ: ಅ, ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಭಿಕ್ಷುಗಳು ಸಿದ್ಧಂ ಲಿಪಿಯ ಜೊತೆ ಒಯ್ದ ನಮ್ಮ ವರ್ಣಮಾಲೆಯ ಕ್ರಮದ ನೆರಳು ಅದು. ಒಂದೊಂದು ಸಾಲಿನೊಳಗೂ ಕ, ಕಿ, ಕು, ಕೆ, ಕೊ ಅಂತ ಕಾಗುಣಿತ. ಇಂಗ್ಲಿಷಿನವರು ತಿಂಗಳುಗಟ್ಟಲೆ ತಲೆಕೆಡಿಸಿಕೊಳ್ಳುವ ಶೆಲ್ಫಿನಲ್ಲಿ ನಮಗೆ ದಿಕ್ಕು ತಪ್ಪುವುದಿಲ್ಲ. ಕಾಂಟ್ರಾ ಬೇಕಾ? ಅಲ್ಲಿ ಅದು 'ಕೊಂತೊರಾ', ಕ ಸಾಲಿನ ಕೊನೆಗೆ ಹೋಗಿ.

ಯಾವುದನ್ನು ಕೊಂಡರೆ ಊರಲ್ಲಿ ಆಡಬಹುದು

90ರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ 'ಟಿ.ವಿ. ಗೇಮ್' ಬಹುಪಾಲು ನಿಂಟೆಂಡೊದ ಫ್ಯಾಮಿಕಾಮ್‌ನ ನಕಲು. 1983ರ ಜುಲೈನಲ್ಲಿ 14,800 ಯೆನ್‌ಗೆ ಬಂದ ಕೆಂಪು-ಬಿಳಿ ಡಬ್ಬಿ ಅದರ ಮೂಲ. ನಾವು ಅದಕ್ಕೆ ಹಾಕುತ್ತಿದ್ದದ್ದನ್ನು ಕ್ಯಾಸೆಟ್ ಅನ್ನುತ್ತಿದ್ದೆವು, ಇವರೂ 'ಕಸೆಟ್ಟೊ' ಅನ್ನುತ್ತಾರೆ. ಓಡದಿದ್ದರೆ ಊದುವುದೂ ಎರಡೂ ಕಡೆ ಒಂದೇ. ಜಪಾನಿನ ಕ್ಯಾಸೆಟ್ಟಿಗೆ 60 ಪಿನ್, ನಮ್ಮ ನಕಲಿ ಡಬ್ಬಿಗೂ 60 ಪಿನ್, ಅಮೆರಿಕದ್ದಕ್ಕೆ 72. ಅಟ್ಟದ ಮೇಲಿನ ಹಳೇ ಟಿ.ವಿ. ಗೇಮ್ ಇನ್ನೂ ಉಸಿರಾಡುತ್ತಿದ್ದರೆ ಇಲ್ಲಿಂದ ಒಯ್ದ ಕ್ಯಾಸೆಟ್ ಅದರೊಳಗೆ ಕೂರುತ್ತದೆ, ಹೆಚ್ಚಿನವು ಓಡುತ್ತವೆ ಕೂಡ.

ಮೆಷಿನ್ನನ್ನೇ ಒಯ್ಯುವುದಾದರೆ ಆಯ್ಕೆ ಎರಡು. ನೋಡಲು ಚೆಂದ ಇರುವುದು ಮೊದಲಿನ ಕೆಂಪು-ಬಿಳಿಯದ್ದು. ಅದರ ಎರಡನೇ ಕಂಟ್ರೋಲರಿನಲ್ಲಿ ಮೈಕು ಸಹ ಇದೆ. ಆದರೆ ಕಂಟ್ರೋಲರುಗಳು ಡಬ್ಬಿಗೇ ಅಂಟಿಕೊಂಡಿವೆ, ಚಿತ್ರ ಹೊರಡುವುದು ಆಂಟೆನಾ ವೈರಿನಲ್ಲಿ, ಅದೂ ಜಪಾನಿನ ಚಾನೆಲ್ ಲೆಕ್ಕದಲ್ಲಿ. ಊರಿನ ಟಿ.ವಿ.ಯಲ್ಲಿ ಅದನ್ನು ಹಿಡಿಸುವುದು ತಲೆನೋವು. 1993ರ ಕೊನೆಗೆ ಬಂದ ನ್ಯೂ ಫ್ಯಾಮಿಕಾಮ್‌ನಲ್ಲಿ ಹಳದಿ-ಬಿಳಿ-ಕೆಂಪು ಪಿನ್ನಿನ ಎ.ವಿ. ಕೇಬಲ್ ಹಾಕಬಹುದು; ಬೆಲೆ ಜಾಸ್ತಿ, ಶೋಕೇಸಿಗೆ ಅಷ್ಟು ಲಕ್ಷಣವಿಲ್ಲ. ಆಡುವುದಾದರೆ ಎರಡನೆಯದು, ಕಣ್ಣು ತುಂಬಿಕೊಳ್ಳುವುದಾದರೆ ಮೊದಲನೆಯದು. ಎರಡನ್ನೂ ಕೊಂಡವನು ನಾನು, ನನ್ನ ಮಾತು ಕೇಳಬೇಡಿ.

ಕರೆಂಟಿನ ವಿಷಯದಲ್ಲಿ ಮಾತ್ರ ಕೇಳಿ. ಜಪಾನಿನದ್ದು 100 ವೋಲ್ಟ್, ನಮ್ಮದು 230. ಮೊದಲ ಸಲ ಊರಿಗೆ ಒಯ್ದಾಗ ಎರಡು ಚಪ್ಪಟೆ ಪಿನ್ನಿಗೆ ಹತ್ತು ರೂಪಾಯಿಯ ಕನ್ವರ್ಟರ್ ಪಿನ್ ಸಿಕ್ಕಿಸಿ ಸ್ವಿಚ್ ಹಾಕಿದೆ. ಅಡಾಪ್ಟರಿನಿಂದ ಮೊದಲು ಗುಂಯ್ ಅಂತ ಸದ್ದು, ಆಮೇಲೆ ವಾಸನೆ. ಅಮ್ಮ ಅಡುಗೆಮನೆಯಿಂದ "ಏನೋ ಸೀದುಹೋಯ್ತು" ಅಂದರು. ಡಬ್ಬಿ ಬದುಕಿಕೊಂಡಿತು, ಅಡಾಪ್ಟರ್ ಹೋಯಿತು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳಿ. ಬೇರೆ ಅಡಾಪ್ಟರ್ ಹಾಕುವವರು ಇನ್ನೊಂದು ನೋಡಿಕೊಳ್ಳಬೇಕು: ಫ್ಯಾಮಿಕಾಮ್‌ನ ಪಿನ್ನಿನ ನಡುಭಾಗ ನೆಗೆಟಿವ್, ಸಾಮಾನ್ಯ ಅಡಾಪ್ಟರುಗಳಿಗೆ ಉಲ್ಟಾ. ಫ್ಯಾಮಿಕಾಮ್ ಜೊತೆ ಬರುವ ಅಡಾಪ್ಟರ್ ಅದರ ಮುಂದಿನ ಮೆಷಿನ್ನಾದ ಸೂಪರ್ ಫ್ಯಾಮಿಕಾಮ್‌ಗೂ ಆಗುತ್ತದೆ, ಎರಡೆರಡು ಬೇಡ.

ಬೇರೆ ದೇಶದ ಗೇಮ್ ಓಡದಂತೆ ಕಂಪನಿಗಳು ಮೆಷಿನ್ನಿಗೆ ಹಾಕುವ ಬೀಗದ ವಿಷಯ ಚುಟುಕಾಗಿ. ಗೇಮ್ ಬಾಯ್, ಗೇಮ್ ಬಾಯ್ ಅಡ್ವಾನ್ಸ್, ಪಿಎಸ್4, ಪಿಎಸ್5, ನಿಂಟೆಂಡೊ ಸ್ವಿಚ್: ಯಾವ ದೇಶದ ಗೇಮ್ ಆದರೂ ಓಡುತ್ತದೆ. ಪಿಎಸ್1, ಪಿಎಸ್2, ಸ್ಯಾಟರ್ನ್, ಗೇಮ್‌ಕ್ಯೂಬ್, ವೀ, 3ಡಿಎಸ್: ಜಪಾನಿನದ್ದು ಜಪಾನಿನ ಮೆಷಿನ್ನಿನಲ್ಲೇ. ಹೊಸ ಸ್ವಿಚ್ 2ರಲ್ಲಿ ಬಹಳ ಜನ ಮೋಸಹೋಗುತ್ತಾರೆ. 2025ರ ಜೂನ್‌ನಲ್ಲಿ ಬಂದಾಗ ಜಪಾನಿ ಭಾಷೆಯೊಂದೇ ಇರುವ ಮೆಷಿನ್ 49,980 ಯೆನ್, ಎಲ್ಲ ಭಾಷೆಯದ್ದು 69,980. ಅಗ್ಗದ್ದರಲ್ಲಿ ಜಪಾನ್ ದೇಶದ ಅಕೌಂಟ್ ಮಾತ್ರ ಜೋಡಿಸಬಹುದು. 20,000 ಯೆನ್ ಉಳಿತಾಯ ಅಂತ ತಂಗಿಯ ಮಗನಿಗೆ ಒಯ್ದರೆ ಹಬ್ಬದ ದಿನ ಮನೆಯಲ್ಲಿ ಅಳು.

ಭಾಷೆ ಬಾರದವರು ಗುಂಡು ಹಾರಿಸುವ, ಓಡುವ, ಹೊಡೆದಾಡುವ ಗೇಮ್ ಆರಿಸಿ. ಕಥೆಯ ಗೇಮೇ ಬೇಕು ಅನ್ನುವವರಿಗೆ ನನ್ನ ಸಲಹೆ ವಿಚಿತ್ರ ಅನ್ನಿಸಬಹುದು: ಹೊಸದಕ್ಕಿಂತ ಹಳೆಯದು ಸುಲಭ. ಹೆಚ್ಚಿನ ಫ್ಯಾಮಿಕಾಮ್ ಕ್ಯಾಸೆಟ್ಟುಗಳಲ್ಲಿ ಕಾಂಜಿಗೆ, ಅಂದರೆ ಚೀನಾದಿಂದ ಬಂದ ಸಾವಿರಾರು ಅಕ್ಷರಗಳಿಗೆ, ಜಾಗವೇ ಇರಲಿಲ್ಲ. 1986ರ ಡ್ರ್ಯಾಗನ್ ಕ್ವೆಸ್ಟ್ ಪೂರ್ತಿ ಕಾನಾದಲ್ಲೇ ಇದೆ. ಕಾನಾದ ಎರಡು ಬಗೆಯಲ್ಲಿ ಒಂದಾದ ಕತಕಾನಾವನ್ನೂ ಜಾಗ ಉಳಿಸಲು ಎಣಿಸಿ ಎಣಿಸಿ ಬಳಸಿದ್ದಾರೆ. ಎರಡು ವಾರ ಕೂತು ಕಾನಾ ಕಲಿತರೆ ಓದಲಿಕ್ಕಂತೂ ಬರುತ್ತದೆ, ಅರ್ಥ ನಿಧಾನಕ್ಕೆ ಬರುತ್ತದೆ. ನಾನು ಜಪಾನಿ ಓದಲು ಕಲಿತದ್ದು ಹೀಗೆಯೇ. ಆಫೀಸಿನಲ್ಲಿ "ಖಡ್ಗ", "ಶಾಪ" ಅನ್ನುವ ಪದಗಳು ಮಾತ್ರ ಚೆನ್ನಾಗಿ ಗೊತ್ತಿದ್ದವು.

ಡಬ್ಬಿ, ಪುಸ್ತಕ ಸಮೇತ ಇರುವುದಕ್ಕೆ 'ಹಾಕೊ-ಸೆತ್ಸು' ಅನ್ನುತ್ತಾರೆ, ಬರೀ ಕ್ಯಾಸೆಟ್ಟಿಗೆ 'ಹದಾಕಾ', ಅಂದರೆ ಬೆತ್ತಲೆ. ಬೆಲೆಯಲ್ಲಿ ಎಷ್ಟೋ ಪಟ್ಟು ವ್ಯತ್ಯಾಸ. ನನಗೆ ಇಷ್ಟ ಬೆತ್ತಲೆಯದ್ದು, ಅದರಲ್ಲೂ ಹಿಂದುಗಡೆ ಯಾವುದೋ ಮಗು ಮಾರ್ಕರ್ ಪೆನ್ನಿನಲ್ಲಿ ತನ್ನ ಹೆಸರು ಬರೆದದ್ದು. ಗೆಳೆಯರಿಗೆ ಕೊಟ್ಟಾಗ ಕಳೆಯದಿರಲಿ ಅಂತ ಆಗ ಎಲ್ಲರೂ ಬರೆಯುತ್ತಿದ್ದರಂತೆ. ಸಂಗ್ರಹಕಾರರಿಗೆ ಅದು ಕೊಳೆ, ಅದಕ್ಕೇ ಅಗ್ಗ. ಫ್ಯಾಮಿಕಾಮ್‌ನ ಕಾಂಟ್ರಾ ಮಾತ್ರ ಬೆತ್ತಲೆಯೂ ದುಬಾರಿ. ಅದರೊಳಗೆ ವಿಶೇಷ ಚಿಪ್ಪಿದೆ. ನಾವು ಅಮೆರಿಕದ ಆವೃತ್ತಿಯಲ್ಲಿ ನೋಡದ ಅಲ್ಲಾಡುವ ಮರದೆಲೆ, ಬೀಳುವ ಹಿಮ, ಹಂತಗಳ ನಡುವೆ ನಕ್ಷೆ ಎಲ್ಲ ಅದರಲ್ಲಿವೆ. ಬ್ಯಾಟರಿಯಲ್ಲಿ ಆಟ ಉಳಿಸುವ ಕ್ಯಾಸೆಟ್ ಕೊಂಡರೆ ಒಳಗಿನ ಬಟನ್ ಸೆಲ್ ಸತ್ತಿರುತ್ತದೆ ಅಂತಲೇ ಲೆಕ್ಕ ಹಾಕಿಕೊಳ್ಳಿ.

ಆಡುವವರಿಗೆ: ಯಾವ ಗೇಸೆನ್?

ಗೇಮ್ ಸೆಂಟರಿಗೆ ಇಲ್ಲಿ ಗೇಸೆನ್ ಅನ್ನುತ್ತಾರೆ. ಬೆಂಗಳೂರಿನ ಮಾಲುಗಳ ಗೇಮ್ ಝೋನಿನಂತೆ ಕಾರ್ಡಿಗೆ ಸಾವಿರ ರೂಪಾಯಿ ತುಂಬಿಸಬೇಕಿಲ್ಲ. 100 ಯೆನ್ ನಾಣ್ಯ ಹಾಕು, ಆಡು. 1978ರಲ್ಲಿ ಸ್ಪೇಸ್ ಇನ್ವೇಡರ್ಸ್ ಬಂದಾಗಲೂ 100 ಯೆನ್, ಈಗಲೂ ಹೆಚ್ಚುಕಡಿಮೆ ಅಷ್ಟೇ. ಗ್ರಾಹಕರಿಗೆ ಖುಷಿ, ಅಂಗಡಿಗೆ ಇದೇ ಉರುಳು. ಮಾರಾಟ ತೆರಿಗೆ 1989ರ ಶೇಕಡಾ 3ರಿಂದ 2019ಕ್ಕೆ 10 ಆಯಿತು, ಆದರೆ ನಾಣ್ಯದ ತೂತಿಗೆ 110 ಯೆನ್ ಹಾಕಿ ಅನ್ನುವಂತಿಲ್ಲ. ಕೊರೊನಾ ಬಂದಾಗ ಎಷ್ಟೋ ಬಾಗಿಲು ಹಾಕಿದವು. ಸೆಗಾದಂಥ ದೊಡ್ಡ ಗೇಮ್ ಕಂಪನಿಯೇ ತನ್ನ ಗೇಸೆನ್‌ಗಳನ್ನು ಮಾರಿಬಿಟ್ಟಿತು. ಅವುಗಳ ಮೇಲೆ ಈಗ ಗೀಗೊ ಅಂತ ಬೋರ್ಡು. ಕೆಳಗಿನ ಮಹಡಿಯೆಲ್ಲ ಗೊಂಬೆ ಎತ್ತುವ ಯು.ಎಫ್.ಒ. ಕ್ಯಾಚರ್‌ಗೆ ಬಿಟ್ಟು ನಿಜವಾದ ಆಟಗಳನ್ನು ಮೇಲಕ್ಕೆ ತಳ್ಳಿರುವುದೂ ದುಡ್ಡಿನ ಲೆಕ್ಕವೇ. ಒಳಗೆ ಹೋದ ತಕ್ಷಣ ಬರೀ ಗೊಂಬೆ ಕಂಡರೆ ನಿರಾಸೆ ಬೇಡ, ಮೆಟ್ಟಿಲು ಹತ್ತಿ.

ಹೊಸ ಆಟ, ಹಾಡು-ತಾಳದ ಆಟ ಬೇಕೆನ್ನುವವರಿಗೆ ಗೀಗೊ, ತೈತೊ ಸ್ಟೇಷನ್, ರೌಂಡ್ ಒನ್ ಯಾವುದಾದರೂ ಸರಿ. ತೈಕೊ ನೊ ತತ್ಸುಜಿನ್ ಡೋಲಿನಿಂದ ಶುರು ಮಾಡಿ, ಭಾಷೆ ಬೇಕಾಗಿಲ್ಲ. ಪರದೆ ಮುಟ್ಟಿ ತಾಳ ಹಾಕುವ ಮೈಮೈ ಆಟದ ಮುಂದೆ ನಿಂತ ಹುಡುಗರು ಕೈಗವಸು ಹಾಕಿಕೊಂಡು ಹೊಡೆಯುವ ವೇಗ ನೋಡುವುದಕ್ಕೇ ಟಿಕೆಟ್ ಇಡಬಹುದಿತ್ತು. ಒಂದು ತಿಂಗಳಿಗಿಂತ ಹೆಚ್ಚು ಇರುವವರು ಐ.ಸಿ. ಕಾರ್ಡೊಂದನ್ನು ಕೊಂಡುಬಿಡಿ; 2018ರಿಂದ ಈಚೆಗೆ ಕಂಪನಿಗಳು ಒಂದೇ ಬಗೆಯ ಕಾರ್ಡಿಗೆ ಒಪ್ಪಿಕೊಂಡಿವೆ, ಒಂದರಲ್ಲೇ ಆ ಕಂಪನಿಗಳ ಆಟದ ಲೆಕ್ಕವೆಲ್ಲ ಉಳಿಯುತ್ತದೆ.

ಹಳೇ ಆಟ ಬೇಕೆನ್ನುವವರಿಗೆ ಆಯ್ಕೆ ಅಕಿಹಬರಾದ 'ಹೇ' ಮತ್ತು ತಕಾದನೊಬಾಬಾದ ಮಿಕಾಡೊ ನಡುವೆ. ಹೇ ಗುಂಡಿನ ಮಳೆಗರೆಯುವ ಶೂಟಿಂಗ್ ಆಟಗಳಿಗೆ ಹೆಸರುವಾಸಿ, ಮೆಷಿನ್ನುಗಳು ಚೊಕ್ಕ, ಒಬ್ಬರೇ ಹೋಗಿ ಒಬ್ಬರೇ ಆಡಿ ಬರಲು ಸರಿ. ಮಿಕಾಡೊ ಬೇರೆಯೇ ಜಾತಿ. ಅಲ್ಲಿ ಹೊಡೆದಾಟದ ಆಟಗಳ ಪಂದ್ಯ ನಡೆಯುತ್ತಲೇ ಇರುತ್ತವೆ, 2020ರಲ್ಲಿ ಮುಚ್ಚುವ ಹಂತಕ್ಕೆ ಬಂದಾಗ ಅಭಿಮಾನಿಗಳೇ ದುಡ್ಡು ಕೂಡಿಸಿದರು. ಎದುರಾಳಿ ನಿಮ್ಮ ಪಕ್ಕ ಕೂರುವುದಿಲ್ಲ. ಎರಡು ಮೆಷಿನ್ನು ಬೆನ್ನಿಗೆ ಬೆನ್ನು ಹಚ್ಚಿ ಇಟ್ಟಿರುತ್ತಾರೆ, ಆ ಕಡೆ ಯಾರೋ ನಾಣ್ಯ ಹಾಕಿದ ಕೂಡಲೇ ನಿಮ್ಮ ಪರದೆ ಮೇಲೆ ಸವಾಲು ಬರುತ್ತದೆ. ಸೋತವರು ಎದ್ದುಹೋಗಬೇಕು. ನಾನು ಮೊದಲ ಸಲ ಕೂತಾಗ 100 ಯೆನ್ ಒಂದು ನಿಮಿಷವೂ ಬಾಳಲಿಲ್ಲ. ಎದ್ದು ಆ ಕಡೆ ಇಣುಕಿದೆ: ಟೈ ಸಡಿಲಿಸಿಕೊಂಡ ಐವತ್ತು ದಾಟಿದ ಯಜಮಾನರು, ಪಕ್ಕದಲ್ಲಿ ಆಫೀಸ್ ಬ್ಯಾಗು. ನನ್ನನ್ನು ನೋಡಿ ತಲೆ ಸ್ವಲ್ಪ ಬಾಗಿಸಿ ಮತ್ತೆ ಆಟಕ್ಕೆ ತಿರುಗಿದರು. ಸೋಲಲು ನಾಚಿಕೆಯಿಲ್ಲದವರಿಗೆ ಮಿಕಾಡೊ, ಇರುವವರಿಗೆ ಹೇ.

ಗೇಸೆನ್‌ಗಳು ಸಾಮಾನ್ಯವಾಗಿ ಮಧ್ಯರಾತ್ರಿಗೆ ಮುಚ್ಚುತ್ತವೆ, 18 ತುಂಬದವರು ರಾತ್ರಿ 10ರ ನಂತರ ಒಳಗಿರುವಂತಿಲ್ಲ. ಇಲ್ಲೇ ನೆಲೆಸುವವರಿಗೆ ಮನೆಯಲ್ಲಿ ಆಡುವುದಾ, ಹೊರಗಾ ಅನ್ನುವುದೂ ಪ್ರಶ್ನೆಯೇ. ಅಪಾರ್ಟ್‌ಮೆಂಟಿನ ಗೋಡೆ ತೆಳು. ಕುಣಿಯುವ, ಬಡಿಯುವ ಆಟ ಮನೆಯಲ್ಲಿ ಇಟ್ಟುಕೊಂಡರೆ ಕೆಳಗಿನ ಮನೆಯವರ ಚೀಟಿ ಬಾಗಿಲಲ್ಲಿ ಬೀಳುತ್ತದೆ.

ನೋಡುವವರಿಗೆ

ಕ್ಯೋಟೊ ಪಕ್ಕದ ಊಜಿಯ ನಿಂಟೆಂಡೊ ಮ್ಯೂಸಿಯಂ, ಒಸಾಕಾದ ಯೂನಿವರ್ಸಲ್ ಸ್ಟುಡಿಯೋಸ್ ಒಳಗಿನ ಸೂಪರ್ ನಿಂಟೆಂಡೊ ವರ್ಲ್ಡ್, ಎರಡರಲ್ಲಿ ಒಂದು ಅಂದರೆ ಮಕ್ಕಳಿದ್ದರೆ ಎರಡನೆಯದು, ಇಲ್ಲದಿದ್ದರೆ ಯೋಚನೆಯೇ ಬೇಡ, ಮೊದಲನೆಯದು. 1889ರಲ್ಲಿ ಹನಾಫುದಾ ಇಸ್ಪೀಟೆಲೆ ಮಾಡುತ್ತಾ ಹುಟ್ಟಿದ ಕಂಪನಿ, ತನ್ನದೇ ಹಳೇ ಕಾರ್ಖಾನೆಯನ್ನು 2024ರ ಅಕ್ಟೋಬರ್ 2ರಂದು ಮ್ಯೂಸಿಯಂ ಆಗಿ ತೆರೆಯಿತು. ದೊಡ್ಡವರಿಗೆ 3,300 ಯೆನ್. ದುಡ್ಡಿದ್ದರೆ ಸಾಲದು, ಮೂರು ತಿಂಗಳು ಮೊದಲೇ ಲಾಟರಿಗೆ ಹೆಸರು ಕೊಡಬೇಕು. ಒಳಗೆ ಆಡಲು ಹತ್ತು ಕಾಯಿನ್ ಕೊಡುತ್ತಾರೆ. ಎಲ್ಲ ಆಟಕ್ಕೂ ಸಾಲುವುದಿಲ್ಲ, ಸಾಲಬಾರದು ಅಂತಲೇ ಮಾಡಿದ ಲೆಕ್ಕ. ಇಬ್ಬರು ಸೇರಿ ಹಿಡಿಯುವ ದೈತ್ಯ ಕಂಟ್ರೋಲರಿಗೆ ಮೊದಲು ಖರ್ಚು ಮಾಡಿ. ಮೇಲಿನ ಪ್ರದರ್ಶನದಲ್ಲಿ ಫೋಟೊ ತೆಗೆಯುವಂತಿಲ್ಲ, ವಿವರಣೆಯ ಫಲಕಗಳೂ ಅಷ್ಟಕ್ಕಷ್ಟೇ; ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳುತ್ತಾ ಹೋಗಬೇಕು. ನನ್ನ ಮುಂದೆ ಒಬ್ಬ ಅಜ್ಜ ಮೊಮ್ಮಗಳಿಗೆ ಅದನ್ನೇ ಮಾಡುತ್ತಿದ್ದರು.

ಮೇಳಗಳಲ್ಲಿ ಟೋಕಿಯೊ ಗೇಮ್ ಶೋ ದೊಡ್ಡದು, ಸೆಪ್ಟೆಂಬರಿನಲ್ಲಿ ಟೋಕಿಯೊ ಪಕ್ಕದ ಮಕುಹಾರಿಯಲ್ಲಿ. ಸಾರ್ವಜನಿಕರ ದಿನಗಳಲ್ಲಿ ಒಂದು ಆಟದ ಹತ್ತು ನಿಮಿಷಕ್ಕೆ ಎರಡು ಗಂಟೆ ಸಾಲು ನಿಂತದ್ದಿದೆ. ಕ್ಯೋಟೊದ ಬಿಟ್‌ಸಮಿಟ್ 2013ರಿಂದ ನಡೆಯುವ ಚಿಕ್ಕ ತಂಡಗಳ ಮೇಳ. ಆಟ ಮಾಡಿದವರೇ ಪಕ್ಕ ನಿಂತು ಮಾತಾಡಿಸುತ್ತಾರೆ. ಸ್ವಂತ ಗೇಮ್ ಮಾಡುವ ಆಸೆ ಇರುವವರು ಇದಕ್ಕೇ ಬರಲಿ.

ಚಿಕ್ಕಪ್ಪನ ಮಗನಿಗೆ ನಾನು ಬರೆದು ಕಳಿಸಿದ್ದು ಇಷ್ಟು. ಶನಿವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ತಿಂಡಿ ತಿಂದು ತೊಝಾಯ್ ಲೈನ್ ಹತ್ತು, ಎಲ್ಲೂ ಬದಲಿಸಬೇಡ, ಕೊನೆಯ ಸ್ಟೇಷನ್ ನಕಾನೊ. ಮಧ್ಯಾಹ್ನ ಅದೇ ಲೈನಿನಲ್ಲಿ ವಾಪಸ್ ಬರುತ್ತಾ ತಕಾದನೊಬಾಬಾದಲ್ಲಿ ಇಳಿ, ಜೇಬಿನಲ್ಲಿ ನೂರರ ನಾಣ್ಯ ಹತ್ತಾದರೂ ಇರಲಿ. ಪಾಸ್‌ಪೋರ್ಟ್ ಜೊತೆಗಿಟ್ಟುಕೋ, ದೊಡ್ಡ ಅಂಗಡಿಗಳಲ್ಲಿ ಪ್ರವಾಸಿಗಳಿಗೆ ತೆರಿಗೆ ಬಿಡುತ್ತಾರೆ. 2026ರ ನವೆಂಬರ್‌ನಿಂದ ಮೊದಲು ಕಟ್ಟಿ ಏರ್‌ಪೋರ್ಟಿನಲ್ಲಿ ವಾಪಸ್ ಪಡೆಯುವ ಪದ್ಧತಿ. ಭಾನುವಾರ ನನ್ನ ಜೊತೆ ಹಾರ್ಡ್ ಆಫ್. ಅಕಿಹಬರಾ? ಸೋಮವಾರ ಆಫೀಸ್ ಮುಗಿಸಿಕೊಂಡು ಹೋಗು, ದೀಪ ಹತ್ತಿದ ಮೇಲೆ ಚೆನ್ನಾಗಿರುತ್ತೆ.

ಅವನ ಉತ್ತರ ತಕ್ಷಣ ಬಂತು: "ಅಣ್ಣಾ, ತಿಂಡಿಗೆ ಏನು?"